ಕಲ್ಯಾಣ ಮಂಟಪದಲ್ಲಿ ಉಳಿದ ಊಟ ಹಂಚೋ ತಂಡ (ದಾವಣಗೆರೆ): ಏನೇನು ನೋಡ್ಕೋಬೇಕು?

ಬೆಣ್ಣೆನಗರಿ:
ಕಾಲೇಜಿನ ಎಂಟು ಜನ ಸೇರಿ ಮದುವೆಗಳಲ್ಲಿ ಉಳಿಯೋ ಊಟವನ್ನ ಚಿಗಟೇರಿ ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಹತ್ತಿರ ಹಸಿದು ಕೂತಿರೋರಿಗೆ ಹಂಚಬೇಕು ಅಂತಿದ್ದೇವೆ. ಒಂದು ಲಗೇಜ್ ಆಟೊ ಇದೆ. ಏನು ತಗೋಬಹುದು, ಯಾವುದು ಬೇಡ, ಪಾತ್ರೆ ಎಷ್ಟು ಬೇಕು? ತಿಂದವರಿಗೆ ಹೆಚ್ಚುಕಮ್ಮಿ ಆಗಬಾರದು, ಅದೇ ಚಿಂತೆ.

ಕೊಳಗಸೌಟು:
ಮಂಟಪದವರು ಫೋನ್ ಮಾಡಿದ ಹೊತ್ತು ಲೆಕ್ಕಕ್ಕಿಲ್ಲ, ಒಲೆಯಿಂದ ಇಳಿಸಿದ ಹೊತ್ತು ಕೇಳಿ. ಮುಹೂರ್ತದ ಊಟದ ಅನ್ನ ಹನ್ನೊಂದಕ್ಕೇ ಬಸಿದಿರುತ್ತಾರೆ. ಪಂಕ್ತಿ ಮುಗಿದು ಮೂರೂವರೆಗೆ ಫೋನ್ ಬಂದರೆ ಆಗಲೇ ನಾಲ್ಕೂವರೆ ತಾಸು. ಆ ಅನ್ನ ಬೇಡ ಅಂತ ಕೈಮುಗಿದು ಹೇಳಿಬಿಡಿ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಎರಡು ತಾಸಿನೊಳಗೆ ಊಟ ಮುಗಿದಿರಬೇಕು. ಅಡುಗೆಗೆ ಚುಚ್ಚಿ ನೋಡೋ ಥರ್ಮಾಮೀಟರ್ ಒಂದು ತಗೊಳ್ಳಿ, ಪಾತ್ರೆಯ ನಡುವೆ ಚುಚ್ಚಿ, ಮೇಲ್ಮೈಯಲ್ಲಲ್ಲ.

ಅನ್ನದ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಕುದಿಯೋ ನೀರಲ್ಲೂ ಸಾಯಲ್ಲ. ಅನ್ನ ಉಗುರುಬೆಚ್ಚಗೆ ಕೂತಷ್ಟೂ ಅದು ಬೆಳೆದು ವಿಷ ಬಿಡುತ್ತೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಹಳಸಿದ ವಾಸನೆಯೇ ಇಲ್ಲದ ಅನ್ನ ತಿಂದು ವಾಂತಿಯಾಗೋದು ಹೀಗೆ. "ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿಬಿಡೋಣ" ಅಂದವರ ಮಾತು ಕೇಳಬೇಡಿ.

ಕಾಯಿ ಚಟ್ನಿ, ಕೋಸಂಬರಿ, ಮೊಸರನ್ನ, ಹಾಲು ಹಾಕಿದ ಪಾಯಸ ಮುಟ್ಟಲೇಬೇಡಿ. ಬೂಂದಿ ಲಾಡು, ಖಡಕ್ ರೊಟ್ಟಿ ಧೈರ್ಯವಾಗಿ ತಗೊಳ್ಳಿ. ಸಾಂಬಾರು ಬಿಸಿಯಿದ್ದಾಗಲೇ ತಗೊಂಡು, ಅಲ್ಲೇ ಇನ್ನೊಮ್ಮೆ ಕುದಿ ಬರಿಸಿ. ಬಡಿಸೋ ಬಕೆಟ್‌ಗೆ ಹೋದದ್ದು ಯಾವುದೂ ಬೇಡ, ಅಡುಗೆಮನೆಯ ಮುಚ್ಚಿಟ್ಟ ಕೊಳಗದ್ದು ಮಾತ್ರ.

100 ಜನಕ್ಕೆ 10-12 ಕೆಜಿ ಅಕ್ಕಿಯ ಅನ್ನ, 15 ಲೀಟರ್ ಸಾಂಬಾರು. 20 ಲೀಟರಿನ ಬಿಸಿ ಹಿಡಿಯೋ ಸ್ಟೀಲ್ ಕ್ಯಾನ್ ಮೂರು ಸಾಕು. ಎರಡಕ್ಕೆ ಅನ್ನ, ಒಂದಕ್ಕೆ ಸಾಂಬಾರು. ತುಂಬೋ ಮುಂಚೆ ಹತ್ತು ನಿಮಿಷ ಬಿಸಿನೀರು ಹಾಕಿಟ್ಟು ಚೆಲ್ಲಿ, ಇಲ್ಲಾಂದ್ರೆ ತಣ್ಣನೆ ಕ್ಯಾನೇ ಅಡುಗೆಯ ಬಿಸಿ ಎಳ್ಕೊಳ್ಳುತ್ತೆ.

ಕೋಟೆನಾಡು:
ಚಿತ್ರದುರ್ಗದಿಂದ ಒಂದು ಮಾತು. ಮಂಟಪದ ಮ್ಯಾನೇಜರ್ ನಂಬರ್ ಇಟ್ಕೊಂಡು ಪ್ರಯೋಜನ ಕಡಿಮೆ, ಅಡುಗೆ ಕಾಂಟ್ರಾಕ್ಟರ್‌ನ ಹಿಡೀರಿ. ಎರಡನೇ ಪಂಕ್ತಿ ಏಳೋ ಹೊತ್ತಿಗೇ ಎಷ್ಟು ಉಳಿಯುತ್ತೆ ಅಂತ ಅವರಿಗೆ ಅಂದಾಜು ಸಿಕ್ಕಿರುತ್ತೆ. ಆಗಲೇ ಹೇಳಿದರೆ ಕೊನೆ ಕೊಪ್ಪರಿಗೆಗೆ ಅಕ್ಕಿ ಹಾಕೋದನ್ನೇ ನಿಲ್ಲಿಸಬಹುದು. ಮಿಕ್ಕ ಅಕ್ಕಿ, ಬೇಳೆ, ತರಕಾರಿ ಹಸಿಯಾಗೇ ಕೇಳಿ ತಗೊಳ್ಳಿ. ಬೇಯಿಸಿದ ಊಟಕ್ಕಿಂತ ಇದೇ ಒಳ್ಳೇದು: ಕೆಡೋ ಅವಸರ ಇಲ್ಲ, ಅನಾಥಾಶ್ರಮದವರು ನಾಳೆ ತಮಗೆ ಬೇಕಾದಂಗೆ ಬೇಯಿಸಿಕೊಳ್ತಾರೆ.

ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರೋರಿಗೆ ಮಾತ್ರ ಕೊಡಿ. ರೋಗಿಗೆ ಸಕ್ಕರೆ ಕಾಯಿಲೆ ಇರಬಹುದು, ಆಪರೇಷನ್‌ಗೆ ಖಾಲಿ ಹೊಟ್ಟೆಯಲ್ಲಿ ಇರಿಸಿರಬಹುದು. ವಾರ್ಡ್ ಒಳಗೆ ಹೋಗಬೇಡಿ. ಗೇಟ್ ಹತ್ತಿರ ಜಾಗಕ್ಕೆ ಮೊದಲೇ ಬರಹದಲ್ಲಿ ಅನುಮತಿ ಪಡೆಯಿರಿ.

ಬೆಣ್ಣೆನಗರಿ:
ತುಂಬಾ ಉಪಕಾರ ಆಯ್ತು. ರಿಸೆಪ್ಷನ್ ಊಟ ರಾತ್ರಿ ಹತ್ತೂವರೆಗೆ ಮುಗಿದರೆ ಏನು ಮಾಡೋದು?

ಕೊಳಗಸೌಟು:
ಆ ಹೊತ್ತಿಗೆ ತಿನ್ನೋರು ಮಲಗಿರುತ್ತಾರೆ. ಎಬ್ಬಿಸಿ ಕೊಟ್ಟರೆ ಪೊಟ್ಟಣ ತಲೆದೆಸೆಗೆ ಇಟ್ಕೊಂಡು ಬೆಳಗ್ಗೆ ತಿಂತಾರೆ, ಅಪಾಯ ಇರೋದೇ ಅಲ್ಲಿ. ರಾತ್ರಿ ಅನ್ನ ಬೇಡ, ಲಾಡು, ರೊಟ್ಟಿ ತಂದು ಬೆಳಗ್ಗೆ ಹಂಚಿ. ಮಧ್ಯಾಹ್ನವೂ ಪೊಟ್ಟಣ ಕಟ್ಟಬೇಡಿ, ತಟ್ಟೆಯಲ್ಲಿ ಬಡಿಸಿ ಎದುರಿಗೇ ಉಣ್ಣಿಸಿ.

ಪಟ್ಟಿಪುಸ್ತಕ:
ಉಳಿದ ಊಟ ಹಂಚೋದಕ್ಕೇ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2019ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ, ತಂಡ ನೋಂದಣಿ ಮಾಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಿಂದ ತಂದದ್ದು, ಇಳಿಸಿದ ಹೊತ್ತು, ಡಿಗ್ರಿ, ಹಂಚಿ ಮುಗಿದ ಹೊತ್ತು ಬರೆದಿಡಿ. ಪ್ರತಿ ಅಡುಗೆಯದ್ದೂ ಒಂದು ಬಟ್ಟಲಷ್ಟು ತೊಳೆದ ಡಬ್ಬಿಗೆ ಹಾಕಿ, ದಿನಾಂಕ ಅಂಟಿಸಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷೆಗೆ ಕೊಡೋಕೆ ಅದು ಬೇಕಾಗುತ್ತೆ. ಬಡಿಸೋರಲ್ಲಿ ಕೈಗೆ ಗಾಯ ಆದವರು, ಭೇದಿ ಆಗ್ತಿರೋರು ಆವತ್ತು ಆಟೊ ಹತ್ತಬಾರದು.