ಹಳೆಯ ವರ್ಡ್ ಕಡತಗಳು ಹೊಸ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ತೆರೆದರೂ ಕನ್ನಡ ಕಾಣುತ್ತಿಲ್ಲ: ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿ, ಕನ್ನಡ ಸಂಘವೊಂದರ ಕಾರ್ಯದರ್ಶಿ)

ನಮಸ್ಕಾರ ಸರ್. ನಮ್ಮ ಸಂಘದ ಸಭಾ ನಡಾವಳಿ, ವಾರ್ಷಿಕ ವರದಿ ಮತ್ತು ಸ್ಮರಣ ಸಂಚಿಕೆಯ ಲೇಖನಗಳೆಲ್ಲ 1990ರ ದಶಕದ ಕೊನೆಯಿಂದ ಕಂಪ್ಯೂಟರಿನಲ್ಲೇ ಇವೆ. ಹಳೆಯ ಕಂಪ್ಯೂಟರು ಕೈಕೊಟ್ಟಿದ್ದರಿಂದ ಸಿಡಿಗಳಲ್ಲಿದ್ದ ಪ್ರತಿಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇನೆ. ಕೆಲವು ಕಡತಗಳನ್ನು ತೆರೆಯಲು ಹೋದರೆ ಈ ಬಗೆಯ ಕಡತಕ್ಕೆ ನಿರ್ಬಂಧವಿದೆ ಎಂಬ ಸಂದೇಶ ಬರುತ್ತದೆ. ಇನ್ನು ಕೆಲವು ತೆರೆದುಕೊಳ್ಳುತ್ತವೆ, ಆದರೆ ಕನ್ನಡ ಇರಬೇಕಾದ ಕಡೆ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲುಗಳಿವೆ. ಹೆಸರಿನ ಕೊನೆಯಲ್ಲಿದ್ದ ‘ಡಾಕ್’ ಎಂಬುದನ್ನು ‘ಡಾಕ್‌ಎಕ್ಸ್’ ಎಂದು ತಿದ್ದಿ ನೋಡಿದೆ. ಕಡತವೇ ಕೆಟ್ಟಿದೆ ಎಂದಿತು. ಇವನ್ನೆಲ್ಲ ಉಳಿಸಿಕೊಳ್ಳುವ ದಾರಿಯನ್ನು ದಯವಿಟ್ಟು ತಿಳಿಸಿ.

ಉತ್ತರ (ಪುಣೆ, ಹಳೆಯ ದಾಖಲೆಗಳ ಪರಿವರ್ತನೆಯ ವೃತ್ತಿಯಲ್ಲಿರುವವರು)

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ. ಒಂದು ಕಡತದ ರಚನೆಗೆ ಸೇರಿದ್ದು, ಇನ್ನೊಂದು ಅದರೊಳಗಿನ ಕನ್ನಡಕ್ಕೆ ಸೇರಿದ್ದು. ಪೆಟ್ಟಿಗೆಯ ಬೀಗ ತೆಗೆದ ಮಾತ್ರಕ್ಕೆ ಒಳಗಿರುವ ಓಲೆಯ ಲಿಪಿ ಓದಲು ಬರುವುದಿಲ್ಲ. ಆದ್ದರಿಂದ ಒಂದಾದ ಮೇಲೆ ಒಂದನ್ನು ಬಿಡಿಸೋಣ. ಅದಕ್ಕೂ ಮೊದಲು ಸಿಡಿಗಳಿಂದ ಇಳಿಸಿಕೊಂಡದ್ದರ ಪೂರ್ಣ ಪ್ರತಿಯೊಂದನ್ನು ಬೇರೆ ಡ್ರೈವಿನಲ್ಲಿಟ್ಟು, ಅದನ್ನು ಮುಟ್ಟದೆ, ಮುಂದಿನ ಕೆಲಸವನ್ನೆಲ್ಲ ಎರಡನೆಯ ಪ್ರತಿಯ ಮೇಲೆ ಮಾತ್ರ ಮಾಡಿ. ಮೂಲ ಕಡತ ಉಳಿದಿದ್ದರೆ ಪರಿವರ್ತನೆ ಎಷ್ಟು ಸಲ ಕೆಟ್ಟರೂ ಮತ್ತೆ ಮಾಡಬಹುದು.

ಹೆಸರಿನ ಬಾಲ ತಿದ್ದಿದ್ದನ್ನು ಮೊದಲಿನಂತೆಯೇ ಮಾಡಿಬಿಡಿ. ವರ್ಡ್ 97ರಿಂದ 2003ರವರೆಗಿನ ‘ಡಾಕ್’ ಎಂಬುದು ಬೈನರಿ ರೂಪದ, ಅಂದರೆ ಯಂತ್ರ ಮಾತ್ರ ಓದಬಲ್ಲ ಸಂಕೇತಗಳ, ಕಡತ. ವರ್ಡ್ 2007ರೊಂದಿಗೆ ಬಂದ ‘ಡಾಕ್‌ಎಕ್ಸ್’ ಎಂಬುದಾದರೋ ಹಲವು ಎಕ್ಸ್‌ಎಂಎಲ್ ಕಡತಗಳನ್ನು ಒಟ್ಟು ಸೇರಿಸಿ ಜಿಪ್ ಮಾಡಿದ ಕಟ್ಟು. ಹೆಸರು ಬದಲಿಸಿದರೆ ಒಳಗಿನ ರಚನೆ ಬದಲಾಗುವುದಿಲ್ಲ. ವರ್ಡ್ ಜಿಪ್ ಕಟ್ಟನ್ನು ಹುಡುಕಿ, ಸಿಗದೆ, ಕೆಟ್ಟಿದೆ ಎನ್ನುತ್ತದೆ. ನಿಮ್ಮ ಕಡತ ಕೆಟ್ಟಿಲ್ಲ, ಆ ಬಗ್ಗೆ ಆತಂಕ ಬೇಡ.

ನಿರ್ಬಂಧದ ಸಂದೇಶ ಬರುತ್ತಿರುವುದು ಬಹುಶಃ ವರ್ಡ್ 95 ಅಥವಾ ಅದಕ್ಕಿಂತ ಹಳೆಯ ಕಡತಗಳಿಗೆ. ಹಳೆಯ ಬೈನರಿ ರೂಪಗಳಲ್ಲಿ ದುರುದ್ದೇಶದ ಕೋಡ್ ಅಡಗಿಸಿ ಕಳುಹಿಸುವ ದಾಳಿಗಳು ನಡೆದಿರುವುದರಿಂದ ಹೊಸ ವರ್ಡ್ ಅವುಗಳಿಗೆ ತಾನಾಗಿಯೇ ತಡೆ ಹಾಕುತ್ತದೆ. ‘ಫೈಲ್’ನಲ್ಲಿ ‘ಆಪ್ಷನ್ಸ್’, ಅದರಲ್ಲಿ ‘ಟ್ರಸ್ಟ್ ಸೆಂಟರ್’, ಅಲ್ಲಿಂದ ‘ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್’, ಕೊನೆಗೆ ‘ಫೈಲ್ ಬ್ಲಾಕ್ ಸೆಟ್ಟಿಂಗ್ಸ್’ಗೆ ಹೋದರೆ ಹಳೆಯ ಆವೃತ್ತಿಗಳ ಪಟ್ಟಿ ಇರುತ್ತದೆ. ಅದರ ಕೆಳಗೆ, ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆದು ತಿದ್ದಲು ಅವಕಾಶ ಕೊಡುವ ಆಯ್ಕೆಯನ್ನು ಒತ್ತಿ. ಸಂಘದವರೇ ಬರೆದ, ಸಂಘದ ಸಿಡಿಯಿಂದಲೇ ಬಂದ ಕಡತಗಳಿಗೆ ಇಷ್ಟು ಸಡಿಲಿಕೆ ಸರಿ. ಕೆಲಸ ಮುಗಿದ ಕೂಡಲೇ ಮೊದಲಿನಂತೆ ಬಿಗಿ ಮಾಡಿ.

ತೆರೆದ ಕಡತದ ಶೀರ್ಷಿಕೆಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದಿರುತ್ತದೆ. ‘ಫೈಲ್’ನ ‘ಇನ್ಫೋ’ ಪುಟದಲ್ಲಿರುವ ‘ಕನ್ವರ್ಟ್’ ಒತ್ತಿದರೆ ಮೂಲದ ಜಾಗದಲ್ಲೇ ಹೊಸ ರೂಪ ಕೂರುತ್ತದೆ. ಹೀಗಾಗಿ ನಾನು ‘ಸೇವ್ ಆ್ಯಸ್’ ಮಾಡಿ ಬೇರೆ ಫೋಲ್ಡರಿಗೆ ಹಾಕುವುದನ್ನೇ ಸೂಚಿಸುತ್ತೇನೆ. ವರ್ಡ್‌ಗೆ ಬಗ್ಗದ ವರ್ಡ್‌ಪರ್ಫೆಕ್ಟ್, ಮೈಕ್ರೋಸಾಫ್ಟ್ ವರ್ಕ್ಸ್ ಕಡತಗಳಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಿ. ಹಳೆಯ ರೂಪಗಳ ವಿಷಯದಲ್ಲಿ ಅದರ ತಾಳ್ಮೆ ದೊಡ್ಡದು.

ಇನ್ನು ಕನ್ನಡದ ವಿಷಯ. ಹೆಚ್ಚಿನ ಶ್ರಮ ಬೇಡುವುದು ಇದೇ. ವಿಂಡೋಸ್‌ನಲ್ಲಿ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಜಾಗತಿಕ ಕ್ರಮ) ಕನ್ನಡಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟಿನ ಜೊತೆಗೆ. ಅದಕ್ಕೂ ಮುಂಚೆ, ಆಮೇಲೆಯೂ ಹಲವು ವರ್ಷ, ನಾವೆಲ್ಲ ಬಳಸುತ್ತಿದ್ದ ನುಡಿ, ಬರಹ, ಶ್ರೀಲಿಪಿ, ಸಿಡಾಕ್‌ನ ಐಲೀಪ್ ಮುಂತಾದ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ, ಫಾಂಟ್ ಇಲ್ಲದಿದ್ದರೆ ಕೆಳಗಿದ್ದ ರೋಮನ್ ಅಕ್ಷರಗಳು ಹೊರಬೀಳುತ್ತವೆ. ‘ಡಾಕ್‌ಎಕ್ಸ್’ ಮಾಡಿದರೂ ಈ ಸಂಕೇತಗಳು ಹಾಗೆಯೇ ಉಳಿಯುತ್ತವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಎಲ್ಲವನ್ನೂ ಹೊಸ ರೂಪಕ್ಕೆ ತಂದೆವೆಂದು ಹಳೆಯ ಫಾಂಟುಗಳನ್ನು ಅಳಿಸಿಬಿಡುತ್ತಾರೆ, ಆಮೇಲೆ ಪರದಾಡುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ಗೋಜಲಾಗಿ ಕಾಣುವ ಸಾಲಿನ ಮೇಲೆ ಕರ್ಸರ್ ಇಟ್ಟು, ಫಾಂಟಿನ ಹೆಸರು ಬರುವ ಚೌಕವನ್ನು ನೋಡಿ. ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೂ ಅದರ ಹೆಸರು ಕಡತದಲ್ಲಿ ಉಳಿದಿರುತ್ತದೆ. ಆ ಫಾಂಟನ್ನು ಹುಡುಕಿ ಅಳವಡಿಸಿ, ಪುಟಗಳು ಸರಿಯಾಗಿ ಕಂಡ ಕೂಡಲೇ ಪಿಡಿಎಫ್ ಮಾಡಿ. ಮಾಡುವಾಗ ‘ಆಪ್ಷನ್ಸ್’ನಲ್ಲಿ ‘ಪಿಡಿಎಫ್/ಎ’ ಆರಿಸಿದರೆ ಫಾಂಟ್ ಕಡತದೊಳಗೇ ಸೇರಿಕೊಳ್ಳುತ್ತದೆ. ನಡಾವಳಿಯಂಥ ದಾಖಲೆಗೆ, ಅದು ಮೂಲದಲ್ಲಿ ಹೇಗಿತ್ತು ಎಂದು ತೋರಿಸುವ ಪ್ರತಿ ಇದೇ. ಅದರಲ್ಲಿ ಕನ್ನಡ ಪದ ಹುಡುಕಲು ಬರುವುದಿಲ್ಲ. ಅದಕ್ಕಾಗಿ ಯೂನಿಕೋಡ್ ಪ್ರತಿಯನ್ನು ಪ್ರತ್ಯೇಕವಾಗಿ ಮಾಡಬೇಕು.

ಯೂನಿಕೋಡ್ ಮಾಡಲು ನುಡಿ ಮತ್ತು ಬರಹಗಳಲ್ಲೇ ಪರಿವರ್ತಕಗಳಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಇಡೀ ಕಡತವನ್ನು ಒಮ್ಮೆಗೇ ಅಂಟಿಸಿ ಪರಿವರ್ತಿಸಬೇಡಿ. ನಡಾವಳಿಯ ನಡುವೆ ಇಂಗ್ಲಿಷಿನಲ್ಲಿರುವ ಬ್ಯಾಂಕಿನ ಹೆಸರು, ಸಭಾಂಗಣದ ವಿಳಾಸಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ವರ್ಡ್‌ನಲ್ಲಿ ‘ಸೆಲೆಕ್ಟ್’ ಪಟ್ಟಿಯಲ್ಲಿ ಒಂದೇ ಬಗೆಯ ವಿನ್ಯಾಸದ ಪಠ್ಯವನ್ನೆಲ್ಲ ಆರಿಸುವ ಸೌಲಭ್ಯವಿದೆ. ಅದರಿಂದ ಕನ್ನಡ ಫಾಂಟಿನ ಭಾಗಗಳಿಗೆಲ್ಲ ಬಣ್ಣ ಹಚ್ಚಿಕೊಂಡರೆ ಯಾವುದನ್ನು ಪರಿವರ್ತಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಕಣ್ಣಿಗೇ ಕಾಣುತ್ತದೆ.

ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನು ಬಿಡದೆ ಪರಿಶೀಲಿಸಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಈ ಹಿಂದುಮುಂದನ್ನು ಸರಿಪಡಿಸದ ಪರಿವರ್ತಕದಲ್ಲಿ ‘ಕಾರ್ಯದರ್ಶಿ’ ಎಂಬುದು ‘ಕಾಯರ್ದಶಿರ್’ ಆಗುತ್ತದೆ, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಈ ಎರಡು ತಪ್ಪು ರೂಪಗಳನ್ನೇ ಹುಡುಕಿ ನೋಡಿ. ಒಂದು ಸಿಕ್ಕರೂ ಆ ಪರಿವರ್ತಕವನ್ನು ಬಿಟ್ಟು ಬೇರೆಯದನ್ನು ಹಿಡಿಯುವುದು ಒಳ್ಳೆಯದು. ‘ರ‍್ಯಾಂಕ್’ನಂತೆ ರಕಾರಕ್ಕೆ ಯ ಒತ್ತು ಬರುವ ಪದಗಳು ಮತ್ತು ಅಂಕಿಗಳ ಮೇಲೂ ಕಣ್ಣಾಡಿಸಿ. ಜಮಾಖರ್ಚಿನ ಅಂಕಿಗಳನ್ನಂತೂ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಲೇಬೇಕು. ಸದಸ್ಯರ ದುಡ್ಡಿನ ಲೆಕ್ಕ ಅದು.

ಪ್ರಶ್ನೆ (ಮಾಟುಂಗಾ)

ನಮ್ಮ ಸ್ಮರಣ ಸಂಚಿಕೆಗಳು ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿವೆ, ಇತ್ತೀಚಿನವು ಮೈಕ್ರೋಸಾಫ್ಟ್ ಪಬ್ಲಿಷರಿನಲ್ಲಿವೆ. ಅವಕ್ಕೂ ಇದೇ ಕ್ರಮವೇ?

ಉತ್ತರ

ಫಾಂಟಿನ ಮಾತು ಅವಕ್ಕೂ ಅನ್ವಯಿಸುತ್ತದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0. ಅದರ ಕಡತಗಳನ್ನು ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶದ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತಿದ್ದವು, ಅನಂತರದವು ತೆರೆಯುವುದಿಲ್ಲ. ನಿಮಗೆ ಮುದ್ರಿಸಿಕೊಡುತ್ತಿದ್ದ ಮುದ್ರಣಾಲಯದಲ್ಲಿ ಆ ಕಾಲದ ಕಂಪ್ಯೂಟರು ಇನ್ನೂ ನಡೆಯುತ್ತಿದ್ದರೆ ಅಲ್ಲಿಯೇ ಕುಳಿತು ಪಿಡಿಎಫ್ ಮಾಡಿಸಿಕೊಳ್ಳಿ; ಪುಟವಿನ್ಯಾಸ ಕೆಡದೆ ಉಳಿಯುವ ದಾರಿಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಪಠ್ಯ ಮಾತ್ರ ಸಾಕಾದರೆ ಲಿಬ್ರೆ ಆಫೀಸ್ 4.4ರಿಂದ ಈಚಿನ ಆವೃತ್ತಿಗಳಲ್ಲಿ ಪ್ರಯತ್ನಿಸಿ. ಪಬ್ಲಿಷರಿಗೆ ಅಕ್ಟೋಬರ್ 2026ರ ನಂತರ ಬೆಂಬಲ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಆ ಕಡತಗಳನ್ನೆಲ್ಲ ತಡಮಾಡದೆ ಪಿಡಿಎಫ್ ಮಾಡಿಡಿ.

ಪ್ರಶ್ನೆ (ಮುಂಬಯಿ, ಕನ್ನಡ ಮಾಧ್ಯಮ ಶಾಲೆಯ ಗಣಿತ ಶಿಕ್ಷಕಿ)

ಸರ್, ನನ್ನ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಭಿನ್ನರಾಶಿ, ವರ್ಗಮೂಲಗಳು ಕಾಣುತ್ತವೆ, ಆದರೆ ತಿದ್ದಲು ಬರುತ್ತಿಲ್ಲ.

ಉತ್ತರ

ಮೇಡಂ, ಅವು ‘ಇಕ್ವೇಶನ್ ಎಡಿಟರ್ 3.0’ರಲ್ಲಿ ಬರೆದವು. ಭದ್ರತೆಯ ಲೋಪದ ಕಾರಣ ಜನವರಿ 2018ರ ಅಪ್‌ಡೇಟಿನಲ್ಲಿ ಆ ಸಾಧನವನ್ನು ಆಫೀಸಿನಿಂದ ತೆಗೆದುಹಾಕಲಾಯಿತು. ಈಗಿನ ವರ್ಡ್‌ನಲ್ಲಿ ಸಮೀಕರಣದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೊಸ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತದೆ. ಬದಲಿಸಿದ ಮೇಲೆ ಘಾತಾಂಕಗಳು ತಮ್ಮ ಸ್ಥಾನದಲ್ಲಿವೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ (ಚಿಂಚವಾಡ)

ಹೌಸಿಂಗ್ ಸೊಸೈಟಿಯ ಲೆಕ್ಕ ಎಕ್ಸೆಲ್ 2003ರಲ್ಲಿದೆ. ಹೊಸ ರೂಪಕ್ಕೆ ತಂದ ಮೇಲೆ ರಶೀದಿ ತಯಾರಿಸುವ ಬಟನ್ ಕೆಲಸ ಮಾಡುತ್ತಿಲ್ಲ.

ಉತ್ತರ

ಬಟನ್ನಿನ ಹಿಂದಿದ್ದ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ, ಹೋಗಿದೆ. ‘ಎಕ್ಸ್‌ಎಲ್‌ಎಸ್‌ಎಕ್ಸ್’ ರೂಪದಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ. ಮೂಲ ಕಡತವನ್ನು ತೆರೆದು ‘ಎಕ್ಸ್‌ಎಲ್‌ಎಸ್‌ಎಂ’ ಎಂದು ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಹಾಗೆ ಮಾಡಿದ ಮೇಲೆಯೇ 65,536 ಸಾಲುಗಳ ಹಳೆಯ ಮಿತಿ ಹೋಗಿ 10,48,576 ಸಾಲುಗಳು ಸಿಗುತ್ತವೆ.

ಪ್ರಶ್ನೆ (ಡೊಂಬಿವಲಿಯ ಕಾರ್ಯದರ್ಶಿ, ಮತ್ತೆ)

ನೀವು ಹೇಳಿದಂತೆ ಫಾಂಟಿನ ಹೆಸರು ನೋಡಿದೆ ಸರ್. ಕೆಲವದರಲ್ಲಿ ನುಡಿ ಇದೆ, ಆ ಫಾಂಟ್ ಹಾಕಿದ ಕೂಡಲೇ ಕನ್ನಡ ಬಂದುಬಿಟ್ಟಿತು, ತುಂಬ ಸಂತೋಷವಾಯಿತು. ಆದರೆ ಅತಿ ಹಳೆಯವು ಶ್ರೀಲಿಪಿಯಲ್ಲಿವೆ. ಆ ತಂತ್ರಾಂಶದ ಸಿಡಿ ಈಗ ಯಾರ ಬಳಿಯೂ ಇಲ್ಲ.

ಉತ್ತರ

ಓದಲು ತಂತ್ರಾಂಶ ಬೇಡ, ಫಾಂಟ್ ಸಾಕು. ಹಳೆಯ ಕಂಪ್ಯೂಟರನ್ನು ಭಂಗಾರದವನಿಗೆ ಕೊಡದೆ ಇನ್ನೂ ಇಟ್ಟುಕೊಂಡಿದ್ದರೆ ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ. ಕಂಪ್ಯೂಟರು ಕೈಕೊಟ್ಟರೂ ಡಿಸ್ಕ್ ಚೆನ್ನಾಗಿರುವುದುಂಟು. ಅದರ ‘ವಿಂಡೋಸ್’ ಫೋಲ್ಡರಿನೊಳಗಿನ ‘ಫಾಂಟ್ಸ್’ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ. ಶ್ರೀ ಎಂದು ಆರಂಭವಾಗುವ ಹೆಸರುಗಳು ಅಲ್ಲಿ ಸಿಗಬೇಕು. ಡಿಸ್ಕ್ ಇಲ್ಲದಿದ್ದರೆ ಆಗ ನಿಮಗೆ ಡಿಟಿಪಿ ಮಾಡಿಕೊಡುತ್ತಿದ್ದವರನ್ನು ವಿಚಾರಿಸಿ. ಒಂದು ಎಚ್ಚರ: ಶ್ರೀಲಿಪಿಯ ಸಂಕೇತಗಳು ನುಡಿಯವಕ್ಕಿಂತ ಬೇರೆ, ಆದ್ದರಿಂದ ನುಡಿಯ ಪರಿವರ್ತಕಕ್ಕೆ ಆ ಪಠ್ಯವನ್ನು ಕೊಡಬೇಡಿ. ಮೊದಲು ಪಿಡಿಎಫ್ ಆಗಲಿ. ಬಳಿಕ ಒಂದು ಪುಟದ ಮಾದರಿಯನ್ನು ಕಡತದ ರೂಪದಲ್ಲೇ ಇಲ್ಲಿ ಹಾಕಿ. ಫೋಟೋದಲ್ಲಿ ಸಂಕೇತಗಳು ಕಾಣುವುದಿಲ್ಲ. ಅದನ್ನು ನೋಡಿ ಯಾವ ಪರಿವರ್ತಕ ಹೊಂದುತ್ತದೆ ಎಂದು ತಿಳಿಸುತ್ತೇನೆ.