ನಿರಾಶ್ರಿತರ ಕಾಗದಗಳ ಬಣ್ಣವನ್ನಷ್ಟೇ ಬಿಡಿಸಿದರೆ ಅದು ಕಲೆಯಾ, ಗೋಡೆಗೆ ಅಲಂಕಾರವಾ?

ಕುಂಚ_ಕೈಚೀಲ:
ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಒಂದು ಯೋಚನೆ ತಲೆಗೆ ಹತ್ತಿದೆ, ಇಳಿಯುತ್ತಲೇ ಇಲ್ಲ. ನಿರಾಶ್ರಿತರ ಕೈಗೆ ಸರ್ಕಾರಗಳು ಕೊಡುವ ಕಾಗದಗಳಿವೆಯಲ್ಲ, ಅವುಗಳ ಬಣ್ಣವನ್ನಷ್ಟೇ ಆಳೆತ್ತರದ ಕ್ಯಾನ್ವಾಸಿಗೆ ಹಾಕುವುದು. ಅಕ್ಷರ ಇಲ್ಲ, ಮುಖ ಇಲ್ಲ, ಮೊಹರೂ ಇಲ್ಲ.

ಶುರುವಾಗಿದ್ದು ಜರ್ಮನಿಯ ಒಂದು ಕಾಗದದಿಂದ. ದೇಶ ಬಿಟ್ಟು ಹೋಗಬೇಕು, ಆದರೆ ಸದ್ಯಕ್ಕೆ ಕಳಿಸಲು ಆಗುತ್ತಿಲ್ಲ ಎನ್ನುವವರಿಗೆ ಅದನ್ನು ಕೊಡುತ್ತಾರೆ. ಹೆಸರು ಡುಲ್ಡುಂಗ್, ಅಂದರೆ ಸಹಿಸಿಕೊಳ್ಳುವುದು! ಅದರ ಮೇಲೆ ಓರೆಯಾಗಿ ಒಂದು ಕೆಂಪು ಗೆರೆ. ಅದೇ ದೇಶ ನಿರಾಶ್ರಿತ ಎಂದು ಒಪ್ಪಿಕೊಂಡವರಿಗೆ ನೀಲಿ ರಟ್ಟಿನ ಪ್ರಯಾಣದ ಪುಸ್ತಕ ಕೊಡುತ್ತದೆ. ಎರಡನ್ನೂ ಅಕ್ಕಪಕ್ಕ ಬಿಡಿಸಿ ನಮ್ಮ ಮೇಡಂಗೆ ತೋರಿಸಿದೆ. "ಸೋಫಾ ಹಿಂದೆ ಹಾಕೋಕೆ ಚೆನ್ನಾಗಿದೆ" ಅಂದರು. ಬೇಜಾರಾಯಿತು, ಆದರೆ ಅವರು ಹೇಳಿದ್ದು ಸುಳ್ಳು ಅನ್ನೋಕೂ ಆಗುತ್ತಿಲ್ಲ. ನೀವೇನಂತೀರಿ?

ಹಳೇ_ಫೈಲು:
ಇಪ್ಪತ್ತು ವರ್ಷ ಕಚೇರಿಯಲ್ಲಿ ಫೈಲು ತಿರುವಿದವನು ನಾನು, ಕಲೆ ಗೊತ್ತಿಲ್ಲ, ರಟ್ಟು ಗೊತ್ತು. ಬಣ್ಣ ಇರುವುದು ಓದುವವನಿಗಲ್ಲ, ಓದಲು ಪುರುಸೊತ್ತಿಲ್ಲದವನಿಗೆ. ಕೌಂಟರಿನಲ್ಲಿ ಕೂತವನು ನಿಮ್ಮ ಹೆಸರು ನೋಡುವ ಮೊದಲೇ ರಟ್ಟು ನೋಡಿರುತ್ತಾನೆ, ಅಷ್ಟರಲ್ಲೇ ಅವನ ದನಿ ಬದಲಾಗಿರುತ್ತದೆ. 1938ರಲ್ಲಿ ಜರ್ಮನಿ ಯಹೂದಿಗಳ ಪಾಸ್‌ಪೋರ್ಟ್‌ಗಳಿಗೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 'ಜೆ' ಒತ್ತಿತು. ಸ್ವಿಟ್ಜರ್ಲೆಂಡ್ ಜೊತೆ ಮಾತುಕತೆಯಾದ ಮೇಲೆ ಬಂದದ್ದು ಅದು. ಗಡಿಯಲ್ಲಿ ನಿಂತವನು ಹೆಸರು ಓದಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಪುಟ ತೆರೆದರೆ ಸಾಕು.

ಹಾಗಾಗಿ ಬಣ್ಣ ಮಾತ್ರ ಇಡುವುದು ಸರಿಯಾಗೇ ಇದೆ. ಆದರೆ ಆಳೆತ್ತರ ಯಾಕೆ? ಆ ಕಾಗದ ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳುವಂಥದ್ದು.

ಸೀಮೆಸುಣ್ಣ:
ನಾನು ಒಪ್ಪಲ್ಲ. ಮನುಷ್ಯನನ್ನು ತೆಗೆದು ರಟ್ಟು ಉಳಿಸಿಕೊಳ್ಳುವುದು ಕಚೇರಿಯ ಕೆಲಸ, ಅದನ್ನೇ ನೀವೂ ಮಾಡಿದರೆ ಏನು ಬಂತು? ಕಲಾವಿದೆ ಬುಶ್ರಾ ಖಲೀಲಿ ವಲಸೆ ಬಂದವರ ಜೊತೆ ಮಾಡಿದ ವಿಡಿಯೋಗಳನ್ನು ನೋಡಿ. 2008ರಿಂದ 2011ರವರೆಗೆ ಮಾಡಿದ್ದು, ಒಟ್ಟು ಎಂಟು. ಮುಖ ಅಲ್ಲೂ ಇಲ್ಲ. ಭೂಪಟ, ಅದರ ಮೇಲೆ ಮಾರ್ಕರ್ ಹಿಡಿದ ಒಂದು ಕೈ, ತಾನು ಯಾವ ದಾರಿಯಲ್ಲಿ ಬಂದೆ ಎಂದು ಹೇಳುವ ದನಿ, ಅಷ್ಟೇ. ಅಚ್ಚಾದ ಗಡಿಗಳ ಮೇಲೆ ಆ ಮಾರ್ಕರ್ ಗೆರೆ ಹಾದುಹೋಗುವಾಗ ನನಗೆ ಮೈ ಜುಮ್ ಅಂತು. ಅಲ್ಲಿ ಗೆರೆ ಎಳೆದದ್ದು ದಾರಿ ನಡೆದವರೇ. ನಿಮ್ಮ ಕೆಂಪು ಗೆರೆ ಯಾರದ್ದು? ಸರ್ಕಾರದ್ದೇ, ಅಲ್ವಾ?

ಮೂರನೇ_ಸಾಲು:
ಕಾಗದ ಒಂದೇ ಯಾಕೆ, ಬಾಗಿಲನ್ನೂ ಸೇರಿಸಿ. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಆಶ್ರಯ ಕೇಳಿ ಬಂದವರಿದ್ದ ಮನೆಗಳ ಬಾಗಿಲು ಬಹುಪಾಲು ಕೆಂಪಾಗಿದ್ದವು. ಬೇಕೆಂದು ಮಾಡಿದ್ದಲ್ಲ ಅಂತ ಮನೆ ಕೊಟ್ಟವರು ಹೇಳಿದರು, ಇರಬಹುದು, ಆದರೆ ಮೊಟ್ಟೆ, ಕಲ್ಲು ಎಸೆಯುವವರಿಗೆ ವಿಳಾಸ ಸಿಕ್ಕಿತ್ತು. ಇದು ಸುದ್ದಿಯಾದ 2016ರ ಜನವರಿಯಲ್ಲೇ ವೇಲ್ಸ್‌ನ ಕಾರ್ಡಿಫ್ ನಗರದ್ದೂ ಹೊರಬಂತು, ಅಲ್ಲಿ ಆಶ್ರಯ ಕೇಳಿ ಬಂದವರು ಊಟ ಬೇಕಾದರೆ ಕೈಗೆ ಕೆಂಪು ಪಟ್ಟಿ ಕಟ್ಟಿಕೊಂಡಿರಬೇಕಿತ್ತು. ಗದ್ದಲವಾದ ಮೇಲೆ ಪಟ್ಟಿ ನಿಂತಿತು, ಬಾಗಿಲಿಗೆ ಬೇರೆ ಬಣ್ಣ ಬಳಿಯುತ್ತೇವೆ ಅಂದರು.

ಕುಂಚ_ಕೈಚೀಲ:
ಸೀಮೆಸುಣ್ಣ ಕೇಳಿದ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಹೌದು, ಗೆರೆ ಸರ್ಕಾರದ್ದೇ. ಅದನ್ನು ನನ್ನದು ಮಾಡಿಕೊಳ್ಳೋಕೆ ಹೋಗುವುದಿಲ್ಲ, ಯಾರದೋ ಕಥೆ ಕೇಳಿಸಿ ನನ್ನ ಹೆಸರು ಹಾಕಿಕೊಳ್ಳುವ ಧೈರ್ಯವೂ ನನಗಿಲ್ಲ. ಆದರೆ ಆಳೆತ್ತರ ಬಿಟ್ಟೆ. ಎಲ್ಲವೂ ಕಾಗದದ ಅಳತೆಯಲ್ಲೇ, ಮಡಿಕೆ ಗುರುತಿನ ಸಮೇತ. ನೋಡುವವರಿಗೂ ಚಿತ್ರಕ್ಕೂ ನಡುವೆ ಕೌಂಟರಿನಷ್ಟು ಅಗಲದ ಒಂದು ಮೇಜು. ಅವರು ನಿಲ್ಲುವುದು ಅಧಿಕಾರಿಯ ಕಡೆ.

ಇನ್ನೊಂದು ಸಣ್ಣ ತೊಂದರೆ. ಆಯಿಲ್ ಪೇಂಟಿನಲ್ಲಿ ಆ ಕೆಂಪು ಸುಮ್ನೆ ಮಿಂಚುತ್ತದೆ, ಅಚ್ಚಿನ ಕೆಂಪು ಹಾಗಿರಲ್ಲ. ಏನು ಮಾಡಲಿ?

ಸೀಮೆಸುಣ್ಣ:
ಅಧಿಕಾರಿಯ ಕಡೆ ನಿಲ್ಲಿಸುವುದಾದರೆ ನನ್ನ ತಕರಾರು ಅರ್ಧ ವಾಪಸ್. ಗ್ವಾಶ್ ಅಂತ ನೀರಿನಲ್ಲಿ ಕಲಸುವ ದಟ್ಟ ಬಣ್ಣ ಇದೆ, ಅದನ್ನು ತಗೊಳ್ಳಿ, ಹೊಳಪು ಬರಲ್ಲ. ಒಣಗಿದ ಮೇಲೆ ಬಣ್ಣ ಸ್ವಲ್ಪ ಬದಲಾಗುತ್ತದೆ, ಮೊದಲು ಬೇರೆ ಹಾಳೆಯಲ್ಲಿ ಬಳಿದು ನೋಡಿ.

ಹಳೇ_ಫೈಲು:
ಮೇಜಿನ ಈಚೆ ಒಂದು ಕುರ್ಚಿ ಹಾಕಿ. ಆಚೆ ಬೇಡ.