ಸಹಾಯ ಬೇಕು: ಎಂಎಸ್ ಕ್ಲೇಮ್, 2016ರ ದಾಖಲೆ, ಎಫೆಕ್ಟಿವ್ ಡೇಟ್

ಅಮೆರಿಕದ ಮಾಜಿ ಸೈನಿಕರ ಡಿಸೆಬಿಲಿಟಿ ಕ್ಲೇಮ್ (ಅಂಗವೈಕಲ್ಯ ಪರಿಹಾರದ ಅರ್ಜಿ) ಗೊತ್ತಿರೋರು ದಯವಿಟ್ಟು ನೋಡಿ. ನಮ್ಮ ಭಾವ ಸೇನೆ ಬಿಟ್ಟಿದ್ದು 2012ರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ಬೆನ್ನುಹುರಿಯ ನರಗಳ ಕಾಯಿಲೆ) ಅಂತ ಖಚಿತವಾಗಿದ್ದು 2021ರಲ್ಲಿ. ಆದರೆ 2016ರಲ್ಲಿ ಮೈಸೂರಿಗೆ ಬಂದಾಗ ಕಣ್ಣಿನ ಡಾಕ್ಟರು ಚೀಟಿಯಲ್ಲಿ "ಬಲಗಣ್ಣು, ಆಪ್ಟಿಕ್ ನ್ಯೂರೈಟಿಸ್" (ಕಣ್ಣಿನ ನರದ ಉರಿಯೂತ) ಅಂತ ಬರೆದಿದ್ದಾರೆ.

ಬಿಡುಗಡೆಯಾದ 7 ವರ್ಷದೊಳಗೆ ಕನಿಷ್ಠ ಶೇ. 10ರಷ್ಟು ಅಂಗವೈಕಲ್ಯದ ಮಟ್ಟಕ್ಕೆ ಎಂಎಸ್ ಲಕ್ಷಣ ಕಂಡಿದ್ದರೆ ಕಾಯಿಲೆ ಸೇನೆಯ ಸೇವೆಗೆ ಸಂಬಂಧಿಸಿದ್ದೆಂದೇ ಭಾವಿಸುತ್ತಾರೆ. ಹಾಗಂತ ದುಡ್ಡು 2016ರಿಂದ ಬರಲ್ಲ (ತುಂಬಾ ಜನ ಎಡವೋದು ಇಲ್ಲೇ). ಅರ್ಜಿ ತಲುಪಿದ ದಿನ, ಅರ್ಹತೆ ಬಂದ ದಿನ, ಇವೆರಡರಲ್ಲಿ ಯಾವುದು ತಡವೋ ಅದೇ ಎಫೆಕ್ಟಿವ್ ಡೇಟ್, ಅಂದ್ರೆ ದುಡ್ಡಿನ ಲೆಕ್ಕ ಶುರುವಾಗೋ ದಿನ. ಇಂಟೆಂಟ್ ಟು ಫೈಲ್ (ಅರ್ಜಿ ಹಾಕ್ತೀವಿ ಅನ್ನೋ ಮುನ್ಸೂಚನೆ) ಕೊಟ್ಟಾಗಿದೆ. ವರ್ಷದೊಳಗೆ ಪೂರ್ತಿ ಅರ್ಜಿ ಹೋದರೆ ಆ ತಾರೀಖು ಉಳಿಯುತ್ತೆ, ತಪ್ಪಿದರೆ ಹೋಯ್ತು.

ನಮಗೆ ಬೇಕಿರೋದು: ಚೀಟಿಯಲ್ಲಿ ದೃಷ್ಟಿ ಪರೀಕ್ಷೆಯ ಅಳತೆ ಇಲ್ಲ, ಹಳೇ ಆಸ್ಪತ್ರೆ ಕಡತ ತೆಗೆಸೋದು ಹೇಗೆ? ಆ ಕಣ್ಣಿನ ತೊಂದರೆಯೇ ಎಂಎಸ್‌ನ ಮೊದಲ ಲಕ್ಷಣ ಅಂತ ಕಾರಣಸಹಿತ ಬರೆದುಕೊಡೋ ನ್ಯೂರಾಲಜಿಸ್ಟ್ ಗೊತ್ತಾ?